ಒಂದೇ ಕಥೆ, ಎಷ್ಟು ಹೊಳೆ?

ಯಾದಗಿರಿಗೆ ಹೋಗಿದ್ದು ಮೆಥೋಡಿಸ್ಟ್ ಸಭೆಗಳ, ಅಂದರೆ ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡದ ಚರ್ಚುಗಳ ಕೂಟಕ್ಕೆ. ಬೀದರ್, ಕಲಬುರಗಿ, ಕೋಲಾರದ ಕಡೆಯಿಂದ ಬಂದವರು ತಮ್ಮ ಊರಿನ ಸೇವೆಯ ಸಾಕ್ಷಿ ಹೇಳುವುದಿತ್ತು. ಸ್ಟೇಷನ್ ಹೊರಗೆ ಆಟೋ ಹತ್ತುವ ಮುಂಚೆ ರೇಟು ಮಾತಾಡಿಕೊಳ್ಳಿ. ನನ್ನ ಹತ್ತಿರ ಡಬಲ್ ಕಿತ್ತುಕೊಂಡ ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆಯೆಲ್ಲ ಮೈಕಿನಲ್ಲಿ ವರದಿ ಓದಿದರು. ಲೆಕ್ಕಪತ್ರ ಕೇಳಲು ಅಷ್ಟು ದೂರ ಹೋಗಬೇಕಿತ್ತಾ ಅನಿಸಿತು. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅಲ್ಲಿಂದ ದಿನಕ್ಕೆ ಕಳೆ ಬಂತು.

ಪಕ್ಕದಲ್ಲಿ ರಿಟೈರಾದ ನರ್ಸಮ್ಮ ಕೂತಿದ್ದರು. ಕೆಲಸ ಮಾಡಿದ್ದು ಇಲ್ಲಿನ ಹೋಲ್ಸ್ಟನ್ ಆಸ್ಪತ್ರೆಯಲ್ಲಿ. ಅಮೆರಿಕದ ಟೆನೆಸ್ಸಿ ಕಡೆಯ ಮೆಥೋಡಿಸ್ಟ್ ಚರ್ಚುಗಳ ಒಕ್ಕೂಟವಾದ ಹೋಲ್ಸ್ಟನ್ ಕಾನ್ಫರೆನ್ಸಿನ ಹೆಸರು ಅದಕ್ಕೆ. ರೊಟ್ಟಿ ಮುರಿಯುತ್ತಲೇ ಶುರು ಮಾಡಿದರು.

"ಭೀಮಾ ಹೊಳಿ ತುಂಬಿತ್ತು ನೋಡ್ರಿ. ಆಚಿ ದಂಡಿಯಾಗ ಬಸುರಿ ಹೆಣ್ಮಗಳು ನೋವು ತಿನ್ಲತ್ತಿದ್ಳು. ಡಾಕ್ಟರಮ್ಮ ಹರಗೋಲಿನ್ಯಾಗ ಕುಂತ್ರು. ಕಂದೀಲು ನಮ್ಮ ಹಿರಿ ಸಿಸ್ಟರ್ ಕೈಯಾಗ. ಅವರೇ ನನಗ ಹೇಳಿದ್ದು."

ಎಡಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಕಂದೀಲು ಹಿಡಿದು ತೋರಿಸಿದರು. ಆ ಕೈ ಒಂಚೂರೂ ಅಲುಗಲಿಲ್ಲ.

ಎದುರಿಗಿದ್ದ ಬೀದರ್ ಪಾಸ್ಟರ್ ನಕ್ಕರು. "ಅಮ್ಮಾ, ಅದು ನಮ್ಮ ಮಾಂಜ್ರಾ ಹೊಳಿ ಕಥಿ ರೀ!"

"ಯಾರು ಹೇಳಿದ್ರು ನಿಮಗ?"

"ನಮ್ಮ ಹಳೇ ಪಾಸ್ಟರ್."

"ಅವರು ಮೊದಲು ಎಲ್ಲಿದ್ರು?"

ಪಾಸ್ಟರ್ ಸ್ವಲ್ಪ ತಡೆದು, "ಇಲ್ಲೇ, ಯಾದಗಿರಿಯಾಗ" ಅಂದರು. ಇಡೀ ಪಂಕ್ತಿ ನಕ್ಕಿತು.

ಮೆಥೋಡಿಸ್ಟ್ ಚರ್ಚಿನಲ್ಲಿ ಪಾಸ್ಟರ್ ಒಂದೇ ಕಡೆ ಬೇರು ಬಿಡುವ ಹಾಗಿಲ್ಲ. ಈ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಕಾಲದಿಂದಲೂ ಬೋಧಕರನ್ನು ಊರಿಂದ ಊರಿಗೆ ಕಳಿಸುವ ಪದ್ಧತಿ ಇದೆ. 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚ್ ಸ್ವತಂತ್ರವಾದ ಮೇಲೂ ಅದು ನಿಂತಿಲ್ಲ. ಬಿಷಪ್ ನೇಮಕದ ಪಟ್ಟಿ ಓದಿದರೆ ಸಾಕು, ಪಾತ್ರೆ ಪಗಡೆ ಜತೆ ಕಥೆಗಳೂ ಲಾರಿ ಹತ್ತುತ್ತವೆ. ಮೈಕಿನ ವರದಿ ಸಂಜೆಗೆ ಮರೆತೇಹೋಗಿತ್ತು. ಈ ಕಥೆ ಮಾತ್ರ ಯಾರೂ ಬರೆದಿಡದೆ ಇಷ್ಟು ದೂರ ಓಡಾಡಿದೆ ಅಲ್ವಾ!

ಕೋಲಾರದಿಂದ ಬಂದ ಹುಡುಗನೊಬ್ಬ, "ನಮ್ಮ ಕಡೆಯೂ ಇದನ್ನ ಹೇಳ್ತಾರೆ" ಅಂದ. ಅಲ್ಲಿ ಕಥೆಯ ಡಾಕ್ಟರು ಕೋಲಾರದ ಮೆಥೋಡಿಸ್ಟ್ ಆಸ್ಪತ್ರೆ ಇ.ಟಿ.ಸಿ.ಎಂ.ನವರಂತೆ.

"ಕೋಲಾರದಾಗ ಹೊಳಿ ಎಲ್ಲಿ ಅದಪ್ಪಾ?" ನರ್ಸಮ್ಮ ಬಿಡಲಿಲ್ಲ.

"ಕೆರೆ ದಾಟಿಸ್ತಾರೆ ಅಮ್ಮಾ."

ಮರುದಿನ ಬೀದರ್‌ಗೆ ಹೋದೆ. ಕೋಟೆ ನೋಡಿದೆ, ಬಿಸಿಲು ಜಾಸ್ತಿ. ಮಂಗಲಪೇಟೆಯ ಒಂದು ಮನೆಯಲ್ಲಿ ಚಹಾ ಕುಡಿಯುತ್ತಾ ಸುಮ್ನೆ ಆ ಕಥೆ ಕೇಳಿದೆ. ಅಜ್ಜಿ ಚೆನ್ನಾಗಿಯೇ ಹೇಳಿದರು. ಅವರ ಕಥೆಯಲ್ಲಿ ಡಾಕ್ಟರಮ್ಮ ಬಂದಿದ್ದು ಎತ್ತಿನ ಗಾಡಿಯಲ್ಲಿ, ಹುಟ್ಟಿದ್ದು ಅವಳಿ.