ಹನ್ನಾ ಡೈರಿ ಬರೆದದ್ದು ಯಾರಿಗೆ?

ನಾಲ್ಕು ಗಂಟೆಗೆ ಪ್ರೂಫ್ ಪ್ರಿಂಟಿಗೆ ಹೋಗಬೇಕಿತ್ತು. ಮೂರೂವರೆಗೆ ಮ್ಯೂಸಿಯಂನ ಹಿರಿಯ ಕ್ಯುರೇಟರ್ ಬಂದು ಏಳನೇ ಪ್ಯಾನೆಲ್, ಅಂದರೆ ಗೋಡೆಗೆ ಹಾಕುವ ಬರಹಫಲಕದ ಮೇಲೆ ಬೆರಳಿಟ್ಟರು. “ಇದನ್ನು ಯಾರು ಓದಲಿ ಅಂತ ಬರೆದಿದ್ದಾಳೆ?”

“ಡೈರಿ ಅಲ್ಲವಾ, ತನಗೋಸ್ಕರ” ಅಂದುಬಿಟ್ಟೆ. ಅವರು ಸುಮ್ಮನೆ ನಿಂತೇ ಇದ್ದರು.

ಇಂಗ್ಲೆಂಡಿನ ಮ್ಯೂಸಿಯಂ ಒಂದರಲ್ಲಿ ಪ್ರದರ್ಶನಗಳಿಗೆ ಬರಹ ಸಿದ್ಧಪಡಿಸುವುದು ನನ್ನ ಕೆಲಸ. ಆ ಸಲ ವಿಕ್ಟೋರಿಯಾ ಕಾಲದ ಅಡುಗೆಮನೆ ವಿಷಯ. ಆಗಿನ ಮನೆವಾರ್ತೆ ಬರೆದಿಟ್ಟವರಲ್ಲಿ ಹೆಚ್ಚಿನವರು ಒಡತಿಯರು. ಕಸಮುಸುರೆ ಮಾಡಿದ ಕೈಯೇ ಬರೆದದ್ದು ಸಿಗುವುದು ಅಪರೂಪ. ಹಾಗಾಗಿ ಹನ್ನಾ ಕಲ್ವಿಕ್ ಎಂಬ ಮನೆಗೆಲಸದವಳ ಡೈರಿ ಸಿಕ್ಕಾಗ ಹಿಗ್ಗಿಹೋಗಿದ್ದೆ. 1833ರಲ್ಲಿ ಶ್ರಾಪ್‌ಶೈರಿನಲ್ಲಿ ಹುಟ್ಟಿ, ಎಂಟನೇ ವಯಸ್ಸಿಗೇ ಕೆಲಸಕ್ಕೆ ಸೇರಿದವಳು. 1860ರ ಜುಲೈ 14ರ ಪುಟ ನೋಡಿ: ಕಿಟಕಿ ತೆರೆದಳು, ಒಲೆ ಹೊತ್ತಿಸಿದಳು, ಮಸಿ ಕೊಡವಿದಳು, ಕೋಣೆ ಗುಡಿಸಿದಳು, ಎರಡು ಜೊತೆ ಬೂಟು ತಿಕ್ಕಿದಳು, ಹಾಸಿಗೆ ಸರಿಮಾಡಿ ರಾತ್ರಿಯ ಕೊಳೆನೀರು ಚೆಲ್ಲಿದಳು. “ಕೆಲಸದವಳ ಒಂದು ದಿನ” ಅಂತ ಶೀರ್ಷಿಕೆ ಕೊಟ್ಟು ಮುಗಿಸಿದ್ದೆ.

ಆ ಡೈರಿ ಬರೆಸಿದ್ದು ಆರ್ಥರ್ ಮನ್ಬಿ. ವಕೀಲಿ ಓದಿದವನು, ಸರ್ಕಾರಿ ನೌಕರ, ಕವಿ. ದುಡಿಯುವ ಹೆಂಗಸರ ಕೊಳೆ, ಒರಟು ಕೈ ಅಂದರೆ ಅವನಿಗೆ ವಿಪರೀತ ಸೆಳೆತ. 1854ರಲ್ಲಿ ಇಬ್ಬರ ಭೇಟಿ. 1873ರಲ್ಲಿ ಗುಟ್ಟಾಗಿ ಮದುವೆ. ನಡುವೆ ಅವಳು ಬರೆದು ಕಳಿಸುತ್ತಿದ್ದಳು, ಅವನು ಓದುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು! ಅರವತ್ತು ಪದದ ಮಿತಿಯಲ್ಲಿ ಹಿಡಿಯಲಿಲ್ಲವೆಂದು ಬಿಟ್ಟಿದ್ದೆ.

ಗಡಿಯಾರ ಮೂರೂ ಮುಕ್ಕಾಲು. ಗಾಬರಿಯಲ್ಲಿ ಇನ್ನೊಂದು ತಪ್ಪಿಗೆ ಕೈಹಾಕಿದೆ: “ಹಾಗಾದರೆ ಹನ್ನಾಳನ್ನು ತೆಗೆದೇಬಿಡೋಣ.”

“ಬೂಟು ತಿಕ್ಕಿದ್ದು ಸುಳ್ಳಾ?” ಅಂದರು ಅವರು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಕೆಲಸ ನಿಜ, ಒಂದಾದ ಮೇಲೊಂದು ಬರುವ ಆ ಸರಣಿ ನಿಜ. ಮೈಗೆ ಮೆತ್ತಿದ ಮಸಿಯನ್ನು ಅವಳು ಬಣ್ಣಿಸುವಾಗ ಮಾತ್ರ ಮನ್ಬಿ ಓದುತ್ತಾನೆ ಅನ್ನುವ ಎಚ್ಚರ ನಮಗೆ ಬೇಕು. ಅವಳನ್ನೇ ತೆಗೆದಿದ್ದರೆ ಗೋಡೆಯ ಮೇಲೆ ಮತ್ತೆ ಒಡತಿಯರೇ ಉಳಿಯುತ್ತಿದ್ದರು.

ಪ್ರಿಂಟರಿಗೆ ಫೋನ್ ಮಾಡಿ ಒಂದು ದಿನ ಕೇಳಿಕೊಂಡೆವು. ಶೀರ್ಷಿಕೆ “ಹನ್ನಾ ಮನ್ಬಿಗೆ ಬರೆದ ಒಂದು ದಿನ” ಎಂದಾಯಿತು.

ನಮ್ಮ ಆಕರಪಟ್ಟಿಯ ಫಾರ್ಮಿನಲ್ಲಿ ಬರೆದವರು, ವರ್ಷ, ಪುಟಗಳ ಸಂಖ್ಯೆ ಎಲ್ಲಕ್ಕೂ ಕಾಲಂ ಇದೆ. ಓದುಗ ಯಾರು ಅನ್ನುವುದಕ್ಕೆ ಇಲ್ಲ. ಎರಡು ಸಲ ಕೇಳಿಯಾಯಿತು, ಸಾಫ್ಟ್‌ವೇರ್ ಬದಲಾಗುವವರೆಗೆ ಆಗದಂತೆ. ಪ್ರತಿ ಸಲ ಪ್ರಿಂಟ್ ತೆಗೆದು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದೇನೆ.