ನಾಲ್ವರು ನಾಲ್ಕು ದಿಕ್ಕಿಗೆ: ಎಲಿಯಟ್ ಕಾರ್ಟರ್ ಅವರನ್ನು ಕೇಳುವ ಬಗೆ

ಅಮೆರಿಕದ ಸಂಯೋಜಕ ಎಲಿಯಟ್ ಕಾರ್ಟರ್ ಅವರ ಸಂಗೀತ ನನಗೆ ಅಚ್ಚುಮೆಚ್ಚು ಎಂದು ಗೊತ್ತಿರುವವರು, ಅವರ ಒಂದಾದರೂ ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗಾಗಿ ಬರೆದ ಕೃತಿ) ಕೇಳಿದ ಮೇಲೆ, ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ: ನಾಲ್ವರು ವಾದಕರು ನಾಲ್ಕು ದಿಕ್ಕಿಗೆ ನುಡಿಸಿಕೊಂಡು ಹೋಗುತ್ತಿರುವಂತಿದೆ, ಇದನ್ನು ಕೇಳುವುದಾದರೂ ಹೇಗೆ? ನನ್ನ ಉತ್ತರ ಆ ದೂರಿನೊಳಗೇ ಇದೆ. ಅವರು ನಿಜಕ್ಕೂ ನಾಲ್ಕು ದಿಕ್ಕಿಗೇ ಹೋಗುತ್ತಿದ್ದಾರೆ, ಕಾರ್ಟರ್ ಬಯಸಿದ್ದೂ ಅದನ್ನೇ. ನಾಲ್ಕನ್ನೂ ಒಟ್ಟಿಗೆ ಹಿಡಿಯಲು ಹೊರಟ ಕಿವಿ ಐದು ನಿಮಿಷದಲ್ಲಿ ದಣಿಯುತ್ತದೆ. ಅದರ ಬದಲು ಒಬ್ಬರನ್ನು ಆರಿಸಿಕೊಂಡು ಅವರ ಬೆನ್ನು ಹತ್ತಿದರೆ, ಉಳಿದ ಮೂವರು ಅವರಿಗೆ ಸಮ್ಮತಿಸುತ್ತಿದ್ದಾರೋ, ಅಡ್ಡಬರುತ್ತಿದ್ದಾರೋ, ಕಿವಿಗೇ ಹಾಕಿಕೊಳ್ಳುತ್ತಿಲ್ಲವೋ ಎಂಬುದು ತಾನಾಗಿ ಗೊತ್ತಾಗತೊಡಗುತ್ತದೆ.

ಕಾರ್ಟರ್ ಈ ಬಗೆಯ ಬರವಣಿಗೆಗೆ ಬಂದದ್ದು ತಡವಾಗಿ. 1908ರ ಡಿಸೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ, ಲೇಸ್ ಆಮದು ಮಾಡಿಕೊಳ್ಳುವ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದ ಅವರಿಗೆ ಹದಿಹರೆಯದಲ್ಲಿಯೇ ಹಿರಿಯ ಸಂಯೋಜಕ ಚಾರ್ಲ್ಸ್ ಐವ್ಸ್ ಅವರ ಪ್ರೋತ್ಸಾಹ ಸಿಕ್ಕಿತ್ತು. ಹಾರ್ವರ್ಡ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. 1932ರಿಂದ 1935ರವರೆಗೆ ಪ್ಯಾರಿಸ್‌ನಲ್ಲಿ ಹೆಸರಾಂತ ಸಂಗೀತ ಶಿಕ್ಷಕಿ ನಾದಿಯಾ ಬೂಲಾಂಜೆ ಅವರ ಬಳಿ ಕಲಿತು, ಅಮೆರಿಕಕ್ಕೆ ಮರಳಿ, ಸುಮಾರು ಹತ್ತು ವರ್ಷ ಆ ಕಾಲಕ್ಕೆ ಒಗ್ಗುವ, ಹಳೆಯ ಕಾಲದ ಅಚ್ಚುಕಟ್ಟು ರೂಪಗಳನ್ನು ಮತ್ತೆ ಬಳಸುವ ನಿಯೋಕ್ಲಾಸಿಕಲ್ ಶೈಲಿಯಲ್ಲಿ ಬರೆದರು. ಆ ಕೃತಿಗಳು ಚೊಕ್ಕವಾಗಿವೆ. ಆದರೆ ಅವುಗಳ ಮೇಲೆ ಬೇರೆ ಯಾರ ಹೆಸರಿದ್ದರೂ ಯಾರಿಗೂ ಅನುಮಾನ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ತಿರುವು ಬರುವುದು 1948ರ ಚೆಲ್ಲೋ ಸೊನಾಟಾದಲ್ಲಿ. ಅದರ ಮೊದಲ ಭಾಗದಲ್ಲಿ ಪಿಯಾನೋ ಗಡಿಯಾರದಂತೆ ಸಮವಾಗಿ, ಬಿಡಿಬಿಡಿಯಾಗಿ ಬಡಿಯುತ್ತಿರುತ್ತದೆ. ಚೆಲ್ಲೋ ಆ ಬಡಿತಕ್ಕೆ ಸೊಪ್ಪು ಹಾಕದೆ ತನ್ನ ಉದ್ದನೆಯ ಸಾಲನ್ನು ಎಳೆಯುತ್ತದೆ. ಮುಂದಿನ ಭಾಗಗಳಲ್ಲಿ, ವಿಮರ್ಶಕ ರಿಚರ್ಡ್ ಫ್ರಾಂಕೊ ಗೋಲ್ಡ್‌ಮನ್ ಆಮೇಲೆ 'ಮೆಟ್ರಿಕ್ ಮಾಡ್ಯುಲೇಶನ್' ಎಂದು ಹೆಸರಿಟ್ಟ ತಂತ್ರ ಕಾಣಿಸಿಕೊಳ್ಳುತ್ತದೆ. ನಿಮಿಷಕ್ಕೆ 60 ಬಡಿತಗಳ ನಡೆಯಿದೆ ಎಂದುಕೊಳ್ಳೋಣ. ಪ್ರತಿ ಬಡಿತವನ್ನು ಮೂರಾಗಿ ಒಡೆದರೆ ನಿಮಿಷಕ್ಕೆ 180 ಸಣ್ಣ ಘಾತಗಳಾಗುತ್ತವೆ. ಆ ಘಾತಗಳ ವೇಗವನ್ನು ಕದಲಿಸದೆ ಅವನ್ನು ಎರಡೆರಡಾಗಿ ಕಟ್ಟಿದರೆ ಹೊಸ ಬಡಿತ ನಿಮಿಷಕ್ಕೆ 90 ಆಗುತ್ತದೆ, ಹಳೆಯ ವೇಗದಿಂದ ಹೊಸದಕ್ಕೆ ದಾಟಿದ ಜಾಗ ಕೇಳುಗನಿಗೆ ಗೊತ್ತೇ ಆಗುವುದಿಲ್ಲ. ಕರ್ನಾಟಕ ಸಂಗೀತದ ಗತಿಭೇದ ಬಲ್ಲವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ತಾಳ ಅಲುಗದೆ ಒಳಗಿನ ನಡೆ ಮಾತ್ರ ಬದಲಾಗುತ್ತದೆ, ಇಲ್ಲಿ ತಾಳವೇ ಮತ್ತೊಂದು ಕಾಲಪ್ರಮಾಣಕ್ಕೆ ಜಾರಿಬಿಡುತ್ತದೆ.

ಲೆಕ್ಕದ ಮಾತು ಬಂದ ಕೂಡಲೇ 'ಇದು ಬರೀ ಬುದ್ಧಿಯ ಕಸರತ್ತು' ಎಂಬ ಎರಡನೆಯ ದೂರು ಹುಟ್ಟುತ್ತದೆ. ಅಂಥವರಿಗೆ ನಾನು ಸೂಚಿಸುವುದು, ಕೊಳಲು, ಓಬೋ, ಕ್ಲಾರಿನೆಟ್, ಬಸೂನ್‌ಗಳಿಗಾಗಿ 1950ರ ಹೊತ್ತಿಗೆ ಬರೆದ ಎಂಟು ಎಟ್ಯೂಡ್‌ಗಳಲ್ಲಿ, ಅಂದರೆ ಅಭ್ಯಾಸದ ಕಿರುಕೃತಿಗಳಲ್ಲಿ, ಏಳನೆಯದನ್ನು. ಅದರಲ್ಲಿ ಇರುವುದು 'ಜಿ' ಎಂಬ ಒಂದೇ ಸ್ವರ. ಒಂದು ವಾದ್ಯ ಅದನ್ನು ಮೆಲ್ಲಗೆ ಹಿಡಿದಿರುವಾಗ ಇನ್ನೊಂದು ಅದರೊಳಗೆ ನುಸುಳುತ್ತದೆ, ಮೂರನೆಯದು ಥಟ್ಟನೆ ಒತ್ತಿ ಹಿಂದೆ ಸರಿಯುತ್ತದೆ. ಸ್ವರ ಬದಲಾಗದಿದ್ದರೂ ಅದರ ಬಣ್ಣ ಕ್ಷಣಕ್ಷಣಕ್ಕೂ ಬದಲಾಗುತ್ತ ಹೋಗುತ್ತದೆ. ಇಡೀ ಎಟ್ಯೂಡ್ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕಾರ್ಟರ್ ಅವರಿಗೆ ವಾದ್ಯವೆಂದರೆ ಸ್ವರ ಹೊರಡಿಸುವ ಯಂತ್ರವಲ್ಲ, ಒಬ್ಬ ವ್ಯಕ್ತಿ ಎಂಬುದು ಇಲ್ಲಿ ಕಿವಿಗೇ ತಿಳಿಯುತ್ತದೆ.

ಅನಂತರ ಅವರು ಅರಿಜೋನಾದ ಟೂಸಾನ್ ಬಳಿಯ ಮರುಭೂಮಿಗೆ ಹೋಗಿ, ಕೇಳುಗರ ಚಿಂತೆಯನ್ನು ಒಮ್ಮೆಯಾದರೂ ಬದಿಗಿಟ್ಟು ತಮಗೆ ಬೇಕಾದುದನ್ನೇ ಬರೆಯಬೇಕೆಂದು ಕುಳಿತು, 1951ರಲ್ಲಿ ಮೊದಲ ಕ್ವಾರ್ಟೆಟ್ ಮುಗಿಸಿದರು. ಸುಮಾರು 40 ನಿಮಿಷಗಳ ಈ ಕೃತಿಯ ಅಡಾಜಿಯೋ (ನಿಧಾನಗತಿಯ) ಭಾಗದಲ್ಲಿ ಎರಡು ವಯೊಲಿನ್‌ಗಳು ದನಿ ತಗ್ಗಿಸಿ ಎತ್ತರದ ಸ್ಥಾಯಿಯಲ್ಲಿ ಶಾಂತವಾಗಿ ತೇಲುತ್ತಿರುವಾಗ, ವಿಯೋಲಾ ಮತ್ತು ಚೆಲ್ಲೋ ಕೆಳಗಿನಿಂದ ಒರಟಾಗಿ ವಾದಕ್ಕಿಳಿಯುತ್ತವೆ. ಎರಡು ಲೋಕಗಳೂ ಒಂದನ್ನೊಂದು ಒಪ್ಪಿಕೊಳ್ಳುವುದಿಲ್ಲ. ಕೇಳುಗರನ್ನು ಮರೆತು ಬರೆದ ಈ ಕೃತಿಗೇ 1953ರಲ್ಲಿ ಬೆಲ್ಜಿಯಂನ ಲಿಯೇಜ್‌ನ ಕ್ವಾರ್ಟೆಟ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದದ್ದು ಒಂದು ತಮಾಷೆ.

ಆದರೆ ನನ್ನ ಉತ್ತರದ ತಿರುಳು ಇರುವುದು 1959ರ ಎರಡನೆಯ ಕ್ವಾರ್ಟೆಟ್‌ನಲ್ಲಿ. ವಾದಕರು ವಾಡಿಕೆಗಿಂತ ದೂರದೂರ ಕುಳಿತುಕೊಳ್ಳಬೇಕು ಎಂಬ ಸೂಚನೆಯೇ ಅದರಲ್ಲಿದೆ. ಪ್ರತಿಯೊಬ್ಬರಿಗೂ ತಮ್ಮದೇ ಸ್ವರಾಂತರಗಳು, ತಮ್ಮದೇ ಲಯ, ತಮ್ಮದೇ ಸ್ವಭಾವ. ಮೊದಲ ವಯೊಲಿನ್ ಚಂಚಲ, ಆಡಂಬರದ್ದು. ಎರಡನೆಯ ವಯೊಲಿನ್ ಮಿತಭಾಷಿ, ಅಳತೆ ತಪ್ಪದ ಶಿಸ್ತಿನದು, ಆ ಶಿಸ್ತಿನಿಂದಲೇ ಒಮ್ಮೊಮ್ಮೆ ನಗೆ ತರಿಸುವಂಥದ್ದು. ವಿಯೋಲಾ ಸದಾ ಅಳಲು ತೋಡಿಕೊಳ್ಳುತ್ತದೆ. ಚೆಲ್ಲೋಗೆ ಆತುರ, ಕಾಲದ ಹಂಗಿಲ್ಲದೆ ಓಡುವುದೂ ಎಳೆಯುವುದೂ ಅದರ ಚಾಳಿ. ಭಾಗಗಳ ನಡುವೆ ಮೂವರಿಗೆ ಒಂಟಿಯಾಗಿ ಮಾತನಾಡುವ ಅವಕಾಶ ಬರುತ್ತದೆ, ಆಗ ಉಳಿದವರು ನಡೆದುಕೊಳ್ಳುವ ರೀತಿ ಮನುಷ್ಯರದ್ದೇ. ವಿಯೋಲಾ ದುಃಖ ಹೇಳಿಕೊಂಡಾಗ ಅವರು ಸಿಡುಕಿ ಹಂಗಿಸುತ್ತಾರೆ. ಚೆಲ್ಲೋ ಮನಬಂದಂತೆ ಹರಿದಾಡಿದಾಗ ಬಿಗಿಯಾದ ಲಯ ಹಿಡಿದು ಅದನ್ನು ಕಟ್ಟಿಹಾಕಲು ನೋಡುತ್ತಾರೆ. ಮೊದಲ ವಯೊಲಿನ್‌ನ ಅಬ್ಬರಕ್ಕೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ. ಆ ಮೌನವೇ ಮೂರರಲ್ಲಿ ಅತಿ ಕಟುವಾದ ಪ್ರತಿಕ್ರಿಯೆ ಎಂದು ನನಗನ್ನಿಸುತ್ತದೆ. ಜೂಲಿಯಾರ್ಡ್ ಕ್ವಾರ್ಟೆಟ್ ಎಂಬ ವಾದಕರ ತಂಡ 1960ರಲ್ಲಿ ಇದನ್ನು ಮೊದಲ ಬಾರಿಗೆ ನುಡಿಸಿತು, ಅದೇ ವರ್ಷ ಪುಲಿಟ್ಜರ್ ಬಹುಮಾನವೂ ಬಂತು. ಧ್ವನಿಮುದ್ರಣಕ್ಕಿಂತ ವಿಡಿಯೋದಲ್ಲಿ ನೋಡುವುದು ಲೇಸು. ಯಾರ ಬಿಲ್ಲು ಆಡುತ್ತಿದೆ, ಯಾರದು ಸುಮ್ಮನಿದೆ ಎಂದು ಕಣ್ಣಿಗೆ ಕಂಡರೆ ಕಿವಿಯ ಅರ್ಧ ಕೆಲಸ ಮುಗಿಯುತ್ತದೆ.

1971ರ ಮೂರನೆಯ ಕ್ವಾರ್ಟೆಟ್‌ಗೂ ಪುಲಿಟ್ಜರ್ ಬಂದಿದೆ, ಹಾಗಾಗಿ ಬಹಳ ಜನ ಅದರಿಂದಲೇ ಶುರು ಮಾಡಿ ಕೈಚೆಲ್ಲುತ್ತಾರೆ. ಅಲ್ಲಿ ನಾಲ್ವರು ಎರಡು ಜೋಡಿಗಳಾಗುತ್ತಾರೆ. ಮೊದಲ ವಯೊಲಿನ್ ಮತ್ತು ಚೆಲ್ಲೋ ಜೋಡಿ ನಾಲ್ಕು ಬಗೆಯ ಸಂಗೀತವನ್ನು ಸಡಿಲವಾದ ಲಯದಲ್ಲಿ ನುಡಿಸಿದರೆ, ಎರಡನೆಯ ವಯೊಲಿನ್ ಮತ್ತು ವಿಯೋಲಾ ಜೋಡಿ ಆರು ಬಗೆಯದನ್ನು ಕಟ್ಟುನಿಟ್ಟಾಗಿ ನುಡಿಸುತ್ತದೆ. ಅವುಗಳನ್ನು ತುಂಡರಿಸಿ, ಇದರ ಮೇಲೆ ಅದನ್ನು ಹೇರಿಕೊಂಡೇ ಕೃತಿ ಸಾಗುತ್ತದೆ. ನನಗೆ ಇದರ ಮೇಲೆ ಗೌರವವಿದೆ, ಪ್ರೀತಿಯಿಲ್ಲ. 1986ರ ನಾಲ್ಕನೆಯದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

1995ರಲ್ಲಿ ಅರ್ದಿತ್ತಿ ಕ್ವಾರ್ಟೆಟ್ ತಂಡಕ್ಕಾಗಿ ಬರೆದ ಐದನೆಯದು ಹಾಗಲ್ಲ. ಅದರ ಆರು ಚಿಕ್ಕ ಭಾಗಗಳ ನಡುನಡುವೆ ಬರುವ ಇಂಟರ್‌ಲ್ಯೂಡ್‌ಗಳಲ್ಲಿ ವಾದಕರು ತಾಲೀಮಿನಲ್ಲಿರುವಂತೆ ಈಗಷ್ಟೇ ಮುಗಿದ ತುಣುಕನ್ನು ಮೆಲುಕು ಹಾಕುತ್ತಾರೆ, ಮುಂದೆ ಬರಲಿರುವುದನ್ನು ಒಂದೆರಡು ಸ್ವರಗಳಲ್ಲಿ ಪರೀಕ್ಷಿಸುತ್ತಾರೆ, ಮತ್ತೊಬ್ಬರು ಏನೆನ್ನುತ್ತಾರೆಂದು ಕಾಯುತ್ತಾರೆ. ಎಂಬತ್ತು ದಾಟಿದ ಮೇಲಿನ ಕಾರ್ಟರ್ ಅವರ ಬರವಣಿಗೆ ಹೀಗೆ ತಿಳಿಯಾಗುತ್ತ, ಹಗುರಾಗುತ್ತ ಹೋಯಿತು. 2001ರ ಓಬೋ ಕ್ವಾರ್ಟೆಟ್, 2007ರ ಕ್ಲಾರಿನೆಟ್ ಕ್ವಿಂಟೆಟ್, ನೂರು ದಾಟಿದ ಮೇಲೂ ನಿಲ್ಲದ ಹಲವು ಕೃತಿಗಳು, 2012ರಲ್ಲಿ ಬರೆದ 'ಎಪಿಗ್ರಾಮ್ಸ್' ಎಂಬ ಪಿಯಾನೋ ಟ್ರಿಯೋದ ಪುಟ್ಟ ತುಣುಕುಗಳು ಇದಕ್ಕೆ ಸಾಕ್ಷಿ. ಅದೇ ವರ್ಷದ ನವೆಂಬರ್ 5ರಂದು, 103ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆದ್ದರಿಂದ ಕೇಳಿದವರಿಗೆ ನಾನು ಹೇಳುವ ಕ್ರಮ ಇದು: ಮೊದಲು ಚೆಲ್ಲೋ ಸೊನಾಟಾ, ಆಮೇಲೆ ಐದನೆಯ ಕ್ವಾರ್ಟೆಟ್, ಅನಂತರ ಎರಡನೆಯದನ್ನು ನಾಲ್ಕು ಬಾರಿ, ಪ್ರತಿ ಬಾರಿಯೂ ಬೇರೆ ವಾದಕನ ಹಿಂದೆ ಹೋಗಿ. ಎರಡನೆಯ ವಯೊಲಿನ್‌ನಿಂದ ಶುರು ಮಾಡಿದರೆ ಸುಲಭ, ಏಕೆಂದರೆ ಆ ನಾಲ್ವರಲ್ಲಿ ಎಲ್ಲಿದ್ದಾನೆಂದು ಥಟ್ಟನೆ ಪತ್ತೆಯಾಗುವವನು ಅವನೊಬ್ಬನೇ.