ಅಪ್ಪನ ಕಣ್ಣಿನ ಅಳತೆ

"ಡೇಟಾ ಎಲ್ಲಾ ಬ್ಯಾಕಪ್ ತಗೊಂಡಿದೀವಿ ಮೇಡಂ, ಏನೂ ಹೋಗಿಲ್ಲ" ಎಂದು ರಿಪೇರಿ ಅಂಗಡಿಯ ಹುಡುಗ ಅಪ್ಪನ ಲ್ಯಾಪ್‌ಟಾಪ್ ಕೈಗಿತ್ತಿದ್ದ. ಅದೇನೂ ಸುಳ್ಳಾಗಿರಲಿಲ್ಲ. ಫೋಟೋ, ಪಿಂಚಣಿಯ ಕಾಗದಪತ್ರ, ಮೊಮ್ಮಕ್ಕಳ ವಿಡಿಯೊ ಎಲ್ಲವೂ ಇದ್ದವು. ಮನೆಯಲ್ಲಿ ಅಪ್ಪ ಅದನ್ನು ತೆರೆದು, ಮುಖವನ್ನು ಪರದೆಗೆ ತಾಗಿಸುವಷ್ಟು ಬಗ್ಗಿ, "ಏನೇ ಇದು, ಅಕ್ಷರವೆಲ್ಲ ಇರುವೆ ಸಾಲಿನ ಹಾಗೆ ಕಾಣ್ತಿದೆಯಲ್ಲ" ಎಂದರು.

ಅಪ್ಪನಿಗೆ ವಯಸ್ಸಿನೊಂದಿಗೆ ಬರುವ ಮ್ಯಾಕ್ಯುಲಾ ಸವೆತ. ಅಕ್ಷಿಪಟಲದ ನಡುಭಾಗವೇ ಕೆಡುವ ಕಾಯಿಲೆ ಅದು. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಮಸುಕಾಗುತ್ತದೆ, ನೆಟ್ಟಗಿನ ಗೆರೆ ಡೊಂಕಾಗುತ್ತದೆ. ಕನ್ನಡಕ ಬದಲಿಸಿದರೆ ಸರಿಹೋಗುವಂಥದ್ದಲ್ಲ. ಉಳಿದಿರುವ ದೃಷ್ಟಿಗೆ ಅಕ್ಷರವನ್ನು ಹೊಂದಿಸಿಕೊಳ್ಳಬೇಕು, ಅಷ್ಟೆ. ನಾವಿಬ್ಬರೂ ಕೂತು, ಬಹಳ ದಿನ ಒಂದೊಂದೇ ಬದಲಿಸುತ್ತ ಹಾಗೆ ಹೊಂದಿಸಿದ್ದೆವು. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿದಾಗ ಅದೆಲ್ಲ ಅಳಿಸಿಹೋಗಿತ್ತು. ಬ್ರೌಸರ್ ತನ್ನ ಸೆಟ್ಟಿಂಗ್‌ಗಳನ್ನು ಇಡುವುದು ಆಪ್‌ಡೇಟಾ ಎಂಬ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮಾತ್ರ ನಕಲು ಮಾಡುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಫೋಟೋ ಹೋಗಿದ್ದರೆ ಅಪ್ಪ ನೊಂದುಕೊಳ್ಳುತ್ತಿದ್ದರು, ಆದರೆ ಓದು ನಿಲ್ಲುತ್ತಿರಲಿಲ್ಲ.

ಮತ್ತೆ ಶುರುಮಾಡಿದೆವು. ವಿಂಡೋಸಿನಲ್ಲಿ ಅಕ್ಷರದ ಗಾತ್ರ ಶೇ. 225ರವರೆಗೆ ಹೋಗುತ್ತದೆ, ಮೌಸ್ ಬಾಣವನ್ನೂ ದೊಡ್ಡದು ಮಾಡಬಹುದು. ಇವು ಬೇಗ ಮುಗಿದವು. ನಿಜವಾದ ಕೆಲಸವಿದ್ದದ್ದು ಕನ್ನಡದ್ದು. ಇಂಗ್ಲಿಷಿಗೆ ಸಾಕಾಗುವ ಗಾತ್ರ ನಮ್ಮ ಲಿಪಿಗೆ ಸಾಲದು. ಥ ಮತ್ತು ಧ ನಡುವೆ ಇರುವುದು ಒಂದು ಚುಕ್ಕೆ, ಪ ಮತ್ತು ಷ ನಡುವೆ ಒಳಗಿನ ಒಂದು ಗೆರೆ. 'ರಾಷ್ಟ್ರ', 'ಸ್ತ್ರೀ' ಎಂದು ಬರೆದರೆ ಅಕ್ಷರದ ಕೆಳಗೆ ಎರಡೆರಡು ಒತ್ತು. ಸಾಲುಗಳು ಹತ್ತಿರವಿದ್ದರೆ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಮಸುಕಾದ ಕಣ್ಣಿಗೆ ಆಗ ಎರಡು ಸಾಲೂ ಕಲೆಸಿಹೋಗುತ್ತವೆ.

ಅಪ್ಪ ಬಳಸುವ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಒಂದು ಉಪಕಾರವಿದೆ. ಫಾಂಟ್ ಸೆಟ್ಟಿಂಗ್‌ನಲ್ಲಿ ಕನ್ನಡಕ್ಕೇ ಬೇರೆ ಪಟ್ಟಿ ಇದೆ, ಕನಿಷ್ಠ ಗಾತ್ರವನ್ನೂ ಕನ್ನಡಕ್ಕೆ ಪ್ರತ್ಯೇಕವಾಗಿ ಕೊಡಬಹುದು. ಅದನ್ನು ಸೇರಿಸಿದವರು ಯಾರೋ, ಅವರಿಗೆ ನಾನು ಋಣಿ. ನೋಟೊ ಸ್ಯಾನ್ಸ್ ಕನ್ನಡ ಎಂಬ ಫಾಂಟ್ ಹಾಕಿದೆ. ಪತ್ರಿಕೆಯ ಬರಹವನ್ನು ಬರಹವನ್ನಷ್ಟೇ ತೋರಿಸುವ ರೀಡರ್ ವ್ಯೂನಲ್ಲಿ ತೆರೆದು ಸಾಲಿನ ಅಂತರ ಹಿಗ್ಗಿಸಿದೆ, ಹಿನ್ನೆಲೆ ಕಪ್ಪು ಮಾಡಿದೆ. ಬಿಳಿ ಹಾಳೆಯ ಹೊಳಪು ಅಪ್ಪನ ಕಣ್ಣು ಕುಕ್ಕುತ್ತದೆ.

"ಇಷ್ಟೇ ಇತ್ತಾ ಅಪ್ಪ?"

"ಇಲ್ಲ, ಇನ್ನೂ ಒಂಚೂರು. ಹಾಂ... ಅಲ್ಲ, ಜಾಸ್ತಿ ಆಯ್ತು. ಒಂದೊಂದು ಸಾಲಿಗೆ ಮೂರೇ ಪದ ಬಂದ್ರೆ ಓದಿದ್ದು ಮರ್ತುಹೋಗುತ್ತೆ ಕಣೇ."

ಇದು ನನಗೆ ಹೊಳೆದಿರಲಿಲ್ಲ. ದೊಡ್ಡದಾದಷ್ಟೂ ಒಳ್ಳೆಯದೆಂದು ನಾನು ಏರಿಸುತ್ತಲೇ ಇದ್ದೆ; ವಾಕ್ಯ ತುಂಡಾಗದಷ್ಟು ದೊಡ್ಡದು ಎಲ್ಲಿಯವರೆಗೆ ಎಂಬುದು ಅಪ್ಪನಿಗೆ ಮಾತ್ರ ಗೊತ್ತು. ಸಂಜೆ ಹೊತ್ತಿಗೆ ಸಂಪಾದಕೀಯವೊಂದನ್ನು ನಿಲ್ಲಿಸದೆ ಗಟ್ಟಿಯಾಗಿ ಓದಿದರು. ಆ ಗಾತ್ರಕ್ಕೇ ಬಿಟ್ಟೆವು.

ಆಮೇಲೆ ಫೈರ್‌ಫಾಕ್ಸಿನ ಹೆಲ್ಪ್ ಮೆನುವಿನಲ್ಲಿ 'ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ತೆರೆದು ಬ್ರೌಸರಿನ ಸೆಟ್ಟಿಂಗ್‌ಗಳಿರುವ ಪ್ರೊಫೈಲ್ ಫೋಲ್ಡರ್ ಎಲ್ಲಿದೆ ಎಂದು ನೋಡಿಕೊಂಡೆ. ಬ್ರೌಸರ್ ಮುಚ್ಚಿ ಆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿದೆ. ವಿಂಡೋಸಿನ ಅಳತೆಗಳನ್ನು ಅಪ್ಪನ ಡೈರಿಯಲ್ಲಿ ಬರೆದಿಟ್ಟೆ. ಮರುದಿನ ಅಂಗಡಿಗೆ ಹೋಗಿ, ವಯಸ್ಸಾದವರ ಯಂತ್ರ ಬಂದರೆ ಫಾರ್ಮ್ಯಾಟ್ ಮಾಡುವ ಮೊದಲು ಆ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ ಎಂದು ಕೇಳಿಕೊಂಡೆ. ಹುಡುಗ ಅದು ಎಲ್ಲಿರುತ್ತದೆ ಎಂದು ಕೇಳಿ, ನನ್ನಿಂದ ತೋರಿಸಿಕೊಂಡ.